ಇಳಿತಕ್ಕೆ ಕಾಣುವ ಬಾವಿ

ಬಾನ್ ನಗರದಲ್ಲಿ ಕನ್ನಡದವರು ಯುಗಾದಿಗೆ ಸೇರಿದಾಗ, ಹೊಸದಾಗಿ ಓದಲು ಬಂದ ಹುಡುಗರು ನನ್ನ ತಟ್ಟೆಗೆ ಚಿತ್ರಾನ್ನ ಬಡಿಸುತ್ತಾ ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ನಿಮ್ಮ ನೇಟಿವ್ ಯಾವ್ದು?" ನನ್ನ ಮಾತಿನಲ್ಲಿ ಬಾಗಲಕೋಟೆಯೂ ಇದೆ, ಮೈಸೂರೂ ಇದೆ. ಅವರಿಗೆ ಗುರುತು ಹತ್ತುವುದಿಲ್ಲ. ನಾನು "ಹಾರ್ಲುಮ್" ಅನ್ನುತ್ತೇನೆ. ಹಾವೇರಿಯ ಆಚೆಗಿನ ಯಾವುದೋ ಹಳ್ಳಿ ಇರಬೇಕೆಂದು ತಲೆಯಾಡಿಸಿ ಮುಂದೆ ಹೋದವರೂ ಉಂಟು. ನಾನು ತಮಾಷೆಗೆ ಹೇಳುವುದಲ್ಲ. ಐದರಿಂದ ಹನ್ನೊಂದನೆಯ ವಯಸ್ಸಿನವರೆಗೆ ನಾನು ಬೆಳೆದದ್ದು ಜರ್ಮನಿಯ ಉತ್ತರದ ಕಡಲಿನ ಒಂದು ದ್ವೀಪದಲ್ಲಿ, ದಡದಿಂದ ಫೆರಿ ಹತ್ತಿ ಮುಕ್ಕಾಲು ಗಂಟೆ ಹೋದರೆ ಸಿಗುವ ಹಾರ್ಲುಮ್ ಎಂಬ ಹಳ್ಳಿಯಲ್ಲಿ. ನಲವತ್ತು ಹುಲ್ಲು ಮಾಡಿನ ಮನೆಗಳು, ಒಂದು ಚರ್ಚು, ಒಂದು ಅಂಗಡಿ, ಎರಡು ಕೋಣೆಯ ಶಾಲೆ, ಮನುಷ್ಯರಿಗಿಂತ ಹೆಚ್ಚು ಕುರಿಗಳು. ಅಲ್ಲಿನ ಹಿರಿಯರು ಮನೆಯೊಳಗೆ ಆಡುತ್ತಿದ್ದದ್ದು ಜರ್ಮನ್ ಅಲ್ಲ, ಫ್ರೀಸಿಯನ್. ಪಕ್ಕದ ದ್ವೀಪದವರಿಗೇ ಅರ್ಧ ತಿಳಿದು ಅರ್ಧ ತಿಳಿಯದ ಸಣ್ಣ ಭಾಷೆ. ಜರ್ಮನ್ ಸರಿಯಾಗಿ ಬರುವ ಮೊದಲೇ ನನಗೆ ಅದು ಬಂತು.

ಅಪ್ಪನ ಕೆಲಸ ನಮ್ಮನ್ನು ಅಲ್ಲಿಗೆ ಕರೆದೊಯ್ದಿತ್ತು. ಕಡಲು ಊರೊಳಗೆ ಬಾರದಂತೆ ದ್ವೀಪದ ಅಂಚಿಗೆ ಎತ್ತರದ ಮಣ್ಣಿನ ಒಡ್ಡು ಹಾಕಿದ್ದಾರೆ. ಜರ್ಮನ್ನರು ಅದಕ್ಕೆ ಡೈಷ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಏರಿ. ಕೆರೆಯ ಏರಿ ಇದ್ದ ಹಾಗೆ. ಆ ಏರಿಯನ್ನೂ ಅದರ ತೂಬುಗಳನ್ನೂ ನೋಡಿಕೊಳ್ಳುವ ಎಂಜಿನಿಯರುಗಳಲ್ಲಿ ಅಪ್ಪ ಒಬ್ಬ. ಬೆಳಿಗ್ಗೆ ಸೈಕಲ್ಲಿನ ಮೇಲೆ ಹೊರಟರೆ ಕುರಿಗಳ ನಡುವೆ ನಡೆಯುತ್ತಾ, ಹುಲ್ಲಿನ ಬೇರು ಸಡಿಲವಾಗಿದೆಯೇ, ಮೊಲ ಬಿಲ ತೋಡಿದೆಯೇ ಎಂದು ನೋಡುತ್ತಾ ಹೋಗುತ್ತಿದ್ದ. ಮಾತು ಕಡಿಮೆ. ತನ್ನ ಊರಿನ ಬಗ್ಗೆಯಂತೂ ಒಂದು ಅಕ್ಷರವೂ ಇಲ್ಲ. ಮೈಸೂರಿನ ಅಮ್ಮ ತನ್ನ ತವರಿನ ಬೀದಿ, ಹೂವಿನವಳು, ಸ್ಕೂಲು ಎಲ್ಲವನ್ನೂ ದಿನಾ ಹೇಳುವಳು. ಅಪ್ಪನನ್ನು ಕೇಳಿದರೆ, "ಹೊಳಿ ದಂಡಿಗಿತ್ತು" ಎಂಬಷ್ಟಕ್ಕೇ ಮುಗಿಯುತ್ತಿತ್ತು.

ನಾವಿದ್ದ ಮನೆ ಗೊಂಟ್ಯೆ ಎಂಬ ಎಪ್ಪತ್ತು ದಾಟಿದ ಹೆಂಗಸಿನದು. ಊರಿನ ಮಕ್ಕಳೆಲ್ಲ ಅವಳನ್ನು ಓಮಾ ಗೊಂಟ್ಯೆ ಎನ್ನುತ್ತಿದ್ದರು. ಓಮಾ ಎಂದರೆ ಅಜ್ಜಿ. ಉದ್ದನೆಯ ಹಳೆಯ ಮನೆ, ನಡುವೆ ಒಂದು ತೆಳು ಗೋಡೆ. ಪೂರ್ವದ ಅರ್ಧ ಅವಳದು, ಹಿಂದೆ ದನ ಕಟ್ಟುತ್ತಿದ್ದ ಪಶ್ಚಿಮದ ಅರ್ಧ ನಮ್ಮದು. ನಮ್ಮ ಕಡೆ ಗೋಡೆಯೊಳಗೆ ಅಲ್ಮೇರಾದಂತೆ ಕೂರಿಸಿದ ಎರಡು ಮಲಗುವ ಗೂಡುಗಳಿದ್ದವು, ಅವಕ್ಕೆ ಮರದ ಬಾಗಿಲು. ಒಂದರಲ್ಲಿ ನಾನು ಮಲಗುತ್ತಿದ್ದೆ. ಇನ್ನೊಂದರಲ್ಲಿ ಅಮ್ಮ ದೇವರನ್ನು ಇಟ್ಟಳು. ಓಮಾ ಅದನ್ನು ನೋಡಿ, ತನ್ನ ಮುತ್ತಜ್ಜ ಹುಟ್ಟಿದ್ದು ಆ ಗೂಡಿನಲ್ಲೇ, ದೇವರಿಗೆ ಅಲ್ಲಿ ಚಳಿಯಾಗುವುದಿಲ್ಲ ಎಂದಳಂತೆ. ಜಗಳವೂ ಇತ್ತು. ಹುಲ್ಲಿನ ಮಾಡಿನ ಕೆಳಗೆ ಅಮ್ಮ ಎಣ್ಣೆ ಕಾಯಿಸುವುದೆಂದರೆ ಓಮಾಗೆ ಜೀವ ಬಾಯಿಗೆ ಬರುತ್ತಿತ್ತು. ಸಾಸಿವೆ ಸಿಡಿದ ಸದ್ದು ಕೇಳಿದರೆ ಸಾಕು, ಗೋಡೆಯಾಚೆಯಿಂದ ಕೋಲಿನಿಂದ ಎರಡು ಏಟು. ಅಮ್ಮ ಇತ್ತಲಿಂದ ಲಟ್ಟಣಿಗೆಯಲ್ಲಿ ಎರಡು ಏಟು. ಕೊನೆಗೆ ಓಮಾ ಒಂದು ಬಕೆಟ್ಟು ಮರಳು ತಂದು ನಮ್ಮ ಒಲೆಯ ಪಕ್ಕ ಇಟ್ಟು ಹೋದಳು. ಆಮೇಲೆ ಇಬ್ಬರ ನಡುವೆ ಶಾಂತಿ.

ಅಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದರಿಂದ ಮಧ್ಯಾಹ್ನ ನನ್ನನ್ನು ಓಮಾ ನೋಡಿಕೊಳ್ಳುತ್ತಿದ್ದಳು. ನೋಡಿಕೊಳ್ಳುವುದೆಂದರೆ ಊರು ಸುತ್ತಿಸುವುದು. ಚರ್ಚಿನ ಅಂಗಳದಲ್ಲಿ ಆಳೆತ್ತರದ ಸಮಾಧಿ ಕಲ್ಲುಗಳು. ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಕ್ಯಾಪ್ಟನ್ನರ ಬದುಕಿನ ಕಥೆ ಪೂರ್ತಿ ಅವುಗಳ ಮೇಲೆ ಕೊರೆದಿದೆ. ಎಷ್ಟು ಸಲ ಕಡಲಿಗೆ ಹೋದ, ಎಷ್ಟು ಮಕ್ಕಳು, ಯಾರು ಮೊದಲು ಸತ್ತರು, ಎಲ್ಲ. ಓಮಾ ಬೆರಳಿಟ್ಟು ಓದಿಸುತ್ತಿದ್ದಳು. ನಾನು ಓದಲು ಕಲಿತದ್ದು ಪುಸ್ತಕದಿಂದಲ್ಲ, ಆ ಕಲ್ಲುಗಳಿಂದ. ಚರ್ಚಿನ ಗೋಪುರವನ್ನು ತೋರಿಸಿ, ಇದನ್ನು ದೇವರಿಗಾಗಿ ಇಷ್ಟು ಎತ್ತರ ಕಟ್ಟಲಿಲ್ಲ, ಮಂಜಿನಲ್ಲಿ ಗಂಡಂದಿರಿಗೆ ದಾರಿ ತಪ್ಪದಿರಲೆಂದು ಕಟ್ಟಿದ್ದು ಎನ್ನುವಳು. ಇಸವಿ ಒಂದನ್ನೂ ಹೇಳುತ್ತಿರಲಿಲ್ಲ. "ನನ್ನ ಅಜ್ಜಿಯ ಅಜ್ಜಿ ಬಸುರಿಯಾಗಿದ್ದಾಗ" ಎಂಬಂಥ ಲೆಕ್ಕ ಅವಳದು.

ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಆಯಿ ಬಂದಳು. ಆಯಿ ಎಂದರೆ ಅಪ್ಪನ ತಾಯಿ. ಮೂರು ತಿಂಗಳ ವೀಸಾ. ಅಮ್ಮನೇ ಊರಿಗೆ ಹೋಗಿ, ಕೈಹಿಡಿದು ಕರೆತಂದಿದ್ದಳು. ಫೆರಿ ಇಳಿದ ಕೂಡಲೇ ಆಯಿ ನನ್ನ ಗದ್ದ ಹಿಡಿದು, "ಮೊಮ್ಮಗಳನ್ನ ನೋಡಾಕ ಬಂದೀನಿ" ಎಂದಳು. ಹತ್ತಿರದಲ್ಲೇ ನಿಂತಿದ್ದ ಅಪ್ಪ ಕಾಲಿಗೆ ಬಿದ್ದಾಗ ಅವನ ತಲೆಯ ಮೇಲೆ ಕೈ ಇಟ್ಟಳು, ಮಾತಾಡಲಿಲ್ಲ. ಪ್ರಯಾಣದ ದಣಿವು ಅಂದುಕೊಂಡೆ. ಎರಡು ದಿನದಲ್ಲಿ ನನಗೆ ತಿಳಿಯಿತು, ಅವಳು ಮಗನ ಜೊತೆ ಮಾತಾಡುವುದೇ ಇಲ್ಲ. ವರ್ಷಗಳಿಂದ ಇಲ್ಲ. ಈಗ ನಾನು ಸಿಕ್ಕಿದ್ದೆ.

"ಗಂಗವ್ವಾ, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು."

ಅಪ್ಪ ಮೂರು ಅಡಿ ದೂರದಲ್ಲೇ ಇರುತ್ತಿದ್ದ.

"ಆಯಿಗೆ ಹೇಳು, ಕೈ ತೊಳಕೊಂಡ ಬರ್ತೀನಿ ಅಂತ."

ನಾನು ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ಮಾತು ಹೊತ್ತೆ. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಿತ್ತು. ಮನೆಯಲ್ಲಿ ನಾನಿಲ್ಲದೆ ಏನೂ ನಡೆಯುವಂತಿಲ್ಲ. ಆಯಿ ಊರಿನಿಂದ ತಂದ ಜೋಳದ ಹಿಟ್ಟನ್ನು ತಟ್ಟುವಾಗ ಗೋಡೆಯಾಚೆಗೆ ಪಟಪಟ ಸದ್ದು ಕೇಳಿ ಓಮಾ ಬಂದಳು. ಒಲೆಯ ಮುಂದೆ ಇಬ್ಬರು ಮುದುಕಿಯರೂ ಕುಳಿತರು. ಒಬ್ಬಳದು ಬಾಗಲಕೋಟೆ, ಒಬ್ಬಳದು ಫ್ರೀಸಿಯನ್, ನಡುವೆ ನಾನು. ಮೊಣಕಾಲ ನೋವು, ಸೊಸೆಯಂದಿರು, ಕುರಿಯ ರೋಗ, ಸತ್ತ ಗಂಡಂದಿರು. ಒಂದು ವಾರದಲ್ಲಿ ಆ ಮನೆಯ ಅತ್ಯಂತ ಮುಖ್ಯ ವ್ಯಕ್ತಿ ನಾನೇ ಎಂದು ನನಗೆ ಖಚಿತವಾಗಿತ್ತು.

ಒಂದು ಮಧ್ಯಾಹ್ನ ಓಮಾ ನಮ್ಮಿಬ್ಬರನ್ನೂ ಹಳೆಯ ಬಂದರಿನ ಹತ್ತಿರ ಕರೆದೊಯ್ದಳು. ಅಲ್ಲಿ ಒಂದು ದಪ್ಪ ಮರದ ಕಂಬವಿದೆ. ಕಡಲು ಏರಿ ದಾಟಿ ಒಳನುಗ್ಗಿದಾಗಲೆಲ್ಲ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಅದರ ಮೇಲೆ ಕಬ್ಬಿಣದ ಬಳೆ ಹೊಡೆದಿದ್ದಾರೆ. ಕೆಲವು ನನ್ನ ಮೊಣಕಾಲಿಗೆ, ಒಂದು ಅಪ್ಪನ ತಲೆಗಿಂತ ಮೇಲೆ. ನಾನು ವಿವರಿಸಿದೆ. ಆಯಿ ಕಂಬದ ಸುತ್ತ ಒಂದು ಸುತ್ತು ಬಂದು, ಎಲ್ಲಕ್ಕಿಂತ ಮೇಲಿನ ಬಳೆಯನ್ನು ಓಮಾಳ ಕೋಲು ತೆಗೆದುಕೊಂಡು ಮುಟ್ಟಿದಳು.

"ಇವ್ರು ನೀರ ಬಂದ ಮ್ಯಾಲೆ ಗುರ್ತ ಮಾಡ್ಯಾರ. ನಮಗ ನೀರ ಬರೂಕಿಂತ ಮೊದಲ ಗೆರಿ ಎಳದ್ರು. ನಮ್ಮನಿ ಗ್ವಾಡಿಗೆ ನಿಮ್ಮಪ್ಪನ ಎಳದ."

ಅದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೂ ದಾಟಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಆ ಸಂಜೆ ಊಟಕ್ಕೆ ಕೂತಾಗ, ಹೊರಗೆ ಇನ್ನೂ ಬಿಸಿಲಿತ್ತು, ಅಪ್ಪ ಬದನೆಕಾಯಿ ಎಣಗಾಯಿಯನ್ನು ರೊಟ್ಟಿಗೆ ಹಚ್ಚುತ್ತಿದ್ದ. ನಾನು ಹೆಮ್ಮೆಯಿಂದ ಹೇಳಿದೆ:

"ಅಪ್ಪಾ, ನಮ್ಮನಿ ಗ್ವಾಡಿಗೆ ನೀನ ಗೆರಿ ಎಳದಿ ಅಂತ. ಆಯಿ ಹೇಳ್ಯಾಳ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆಯಿ ತಲೆ ಎತ್ತಲಿಲ್ಲ. ಅಪ್ಪ ಎದ್ದು, ಕೈ ತೊಳೆದು, ಸೈಕಲ್ ಹತ್ತಿ ಏರಿಯ ಕಡೆಗೆ ಹೋದ. ತಟ್ಟೆಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ಅಮ್ಮ ನನ್ನನ್ನು ಅಂಗಳಕ್ಕೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದಳು. ಹೊಡೆಯುತ್ತಾಳೆ ಅಂದುಕೊಂಡಿದ್ದೆ.

"ಅತ್ತೆ ಹೇಳಿದ್ದನ್ನೆಲ್ಲ ಹಾಗೇ ತಂದು ಸುರೀಬಾರ್ದು ಕಣೇ," ಎಂದು ಶುರು ಮಾಡಿ, ಎಲ್ಲವನ್ನೂ ಹೇಳಿದಳು. ಅಪ್ಪನ ಊರು ಕೆಳಗಿನಹಾಳ, ಕೃಷ್ಣೆಯ ದಂಡೆಗೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಎಂಜಿನಿಯರಿಂಗ್ ಮುಗಿಸಿದ ಅಪ್ಪನಿಗೆ ಸಿಕ್ಕ ಮೊದಲ ಕೆಲಸವೇ ಮುಳುಗಡೆಯ ಸರ್ವೆ. ನೀರು ಎಲ್ಲಿಯವರೆಗೆ ಬರುತ್ತದೆಂದು ಮನೆಮನೆಯ ಗೋಡೆಗೆ ಹಳದಿ ಬಣ್ಣದ ಗೆರೆ ಎಳೆದು, ನಂಬರು ಬರೆದು, ಯಜಮಾನರಿಂದ ಸಹಿ ಹಾಕಿಸುವುದು. ತನ್ನ ಮನೆಗೂ ಎಳೆದ. ಆಯಿ ಸಹಿ ಹಾಕಿದಳು. ಅಂದಿನಿಂದ ಮಗನ ಜೊತೆ ಮಾತು ನಿಂತಿತು. ಅಪ್ಪ ಕೆಲಸ ಬಿಟ್ಟು, ಮುಂದೆ ಓದುತ್ತೇನೆಂದು ಈ ದೇಶಕ್ಕೆ ಬಂದ. "ನೀರನ್ನ ಊರೊಳಗೆ ಬಿಡೋ ಕೆಲಸ ಸಾಕು, ತಡೆಯೋ ಕೆಲಸ ಕಲೀತೀನಿ ಅಂತ ಹೇಳಿದ್ರು, ಮದುವೆಗೆ ಮುಂಚೆ ನನ್ನ ಹತ್ರ," ಎಂದಳು ಅಮ್ಮ.

ಆ ದಿನದಿಂದ ನಾನು ಬಾಯಿ ಮುಚ್ಚಿದೆ. ಮಾತು ಹೊರುವವರಿಲ್ಲದೆ ಮನೆ ನಿಶ್ಶಬ್ದವಾಯಿತು. ಆಯಿ ರೊಟ್ಟಿಯ ಬುಟ್ಟಿಯನ್ನು ಅಪ್ಪನ ಕಡೆ ತಳ್ಳುವಳು, ಅಪ್ಪ ಖಾಲಿ ಲೋಟವನ್ನು ಆಯಿಯ ಕಡೆ ಸರಿಸುವನು, ಅಷ್ಟೇ. ಕ್ಯಾಲೆಂಡರಿನಲ್ಲಿ ಆಯಿ ಹಿಂದಿರುಗುವ ದಿನಕ್ಕೆ ಅಮ್ಮ ಗುರುತು ಹಾಕಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನಿಂದಲೇ ಎಲ್ಲ ಕೆಟ್ಟಿತು ಅನ್ನಿಸುತ್ತಿತ್ತು. ಹತ್ತು ಹನ್ನೆರಡು ದಿನ ಕಳೆದಿರಬೇಕು. ಓಮಾ ತನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೇಳಿದಳು.

"ನಿಮ್ಮ ಕಡೆಯಿಂದ ಪಾತ್ರೆ ಸದ್ದು ಬಿಟ್ಟರೆ ಏನೂ ಕೇಳುತ್ತಿಲ್ಲವಲ್ಲ. ಯಾರಿಗೆ ಮೈಗೆ ಸರಿಯಿಲ್ಲ?"

ನಾನು ಅತ್ತುಬಿಟ್ಟೆ. ಗೆರೆ, ಗೋಡೆ, ಸಹಿ, ಎಣಗಾಯಿ, ಎಲ್ಲವನ್ನೂ ಅವಳ ಭಾಷೆಯಲ್ಲಿ ಹೇಳಿದೆ. ಅಷ್ಟು ಉದ್ದದ ಕಥೆಯನ್ನು ಆ ಭಾಷೆಯಲ್ಲಿ ನಾನು ಹೇಳಿದ್ದು ಅದೇ ಮೊದಲು. ಓಮಾ ಕೈ ಒರೆಸಿಕೊಂಡು ಬಾಗಿಲಿಗೆ ಅಂಟಿಸಿದ್ದ ಉಬ್ಬರ ಇಳಿತದ ಪಟ್ಟಿಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡಳು.

"ಗುರುವಾರ ಬೆಳಿಗ್ಗೆ ನೀರು ಬಹಳ ದೂರ ಹೋಗುತ್ತದೆ. ನಿನ್ನ ಅಪ್ಪ ಒಂದು ದಿನ ರಜೆ ಹಾಕಲಿ. ಇಷ್ಟು ವರ್ಷ ಏರಿಯ ಮೇಲೆ ನಿಂತು ಕಾದದ್ದು ಸಾಕು. ಆಚೆ ಏನಿದೆ ಎಂದು ಒಮ್ಮೆ ನಡೆದು ನೋಡಲಿ."

ಅಪ್ಪ ಮೊದಲು ಒಪ್ಪಲಿಲ್ಲ. ಏರಿಯಾಚೆ ಏನಿದೆ ಎಂಬುದು ನಕ್ಷೆಯಲ್ಲೇ ಇದೆ, ತನಗೆ ಗೊತ್ತು ಎಂದ. ಆದರೂ ಓಮಾ ಗುರುವಾರ ಬೆಳಿಗ್ಗೆ ಕೋಲು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ಐದು ಜನ ಹೊರಟೆವು. ಇಳಿತದಲ್ಲಿ ಅಲ್ಲಿನ ಕಡಲು ಮೈಲಿಗಟ್ಟಲೆ ಹಿಂದೆ ಸರಿದು, ಕಾಲು ಹೂತುಹೋಗುವ ಕರಿ ಕೆಸರು ಬಿಟ್ಟುಹೋಗುತ್ತದೆ. ಆಯಿ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ, ಬರಿಗಾಲನ್ನು ಕೆಸರಿಗೆ ಇಟ್ಟು, ಬೆರಳುಗಳನ್ನು ಅಗಲ ಮಾಡಿದಳು. "ನಮ್ಮ ಹೊಲದ ಎರಿ ಮಣ್ಣ ಇದ್ದಂಗ ಐತಿ," ಎಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಅವಳ ನಡಿಗೆ ನಮಗಿಂತ ಚುರುಕು.

ಒಂದೂವರೆ ಕಿಲೋಮೀಟರು ಹೋಗಿರಬಹುದು. ಕೆಸರಿನ ಮೇಲೆ ಸಾಲು ಸಾಲಾಗಿ ಕಪ್ಪು ಗೀರುಗಳು ಕಂಡವು. ನನಗೆ ಅವು ಅಲೆಯ ಗುರುತಿನಂತೆಯೇ ಕಂಡವು. ಆಯಿ ನಿಂತಳು.

"ಇದು ಹೊಲ. ಇಲ್ಲೆ ನೇಗಲಾ ಹೊಡದಾರ."

ನಾನು ಹೇಳಿದಾಗ ಓಮಾ ಆಯಿಯನ್ನು ಬಹಳ ಹೊತ್ತು ನೋಡಿದಳು. ಪಟ್ಟಣದಿಂದ ಬರುವ ಪಂಡಿತರಿಗೂ ಇದನ್ನು ತಾನು ತೋರಿಸಿಕೊಡಬೇಕಾಗುತ್ತದೆ ಎಂದಳು. ಇನ್ನೂ ಸ್ವಲ್ಪ ಮುಂದೆ ಒಂದು ಉಂಗುರ. ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಗುಂಡಗೆ ಜೋಡಿಸಿದ್ದ ಹಳೆಯ ಬಾವಿಯ ಬಾಯಿ, ಒಳಗೆ ಕೆಸರು ತುಂಬಿ ಮೇಲೆ ನಾಲ್ಕು ಬೆರಳಿನಷ್ಟು ನೀರು. ಇದು ಹಳೆಯ ಹಾರ್ಲುಮ್, ಎಂದಳು ಓಮಾ. ತನ್ನವರ ಮೊದಲ ಊರು. ಒಂದೇ ದಿನದಲ್ಲಿ ಕಡಲು ತೆಗೆದುಕೊಂಡು ಹೋಯಿತು. ಉಳಿದವರು ಚರ್ಚಿನ ಗಂಟೆಯನ್ನೂ ಊರಿನ ಹೆಸರನ್ನೂ ಹೊತ್ತುಕೊಂಡು ಒಳಗೆ ಬಂದು ಈಗಿನ ಊರು ಕಟ್ಟಿದರು. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ.

"ಪುಣ್ಯವಂತರು, ಹೆಸರರ ತಂದಾರ," ಎಂದಳು ಆಯಿ. "ನಮಗ ಕೊಟ್ಟ ಹೊಸ ಊರಿಗೆ ಪುನರ್ವಸತಿ ಸೆಂಟರ್ ನಂಬರ್ ಮೂರು ಅಂದ್ರು. ಊರ ಹೆಸರ ಕೇಳೂವ್ರು ಯಾರೂ ಇಲ್ಲ ಈಗ."

ಅದನ್ನೂ ಓಮಾಗೆ ಹೇಳಿದೆ. ಆಯಿ ಬಾಗಿ, ಬಾವಿಯ ನೀರಿಗೆ ಬೆರಳದ್ದಿ, ಕಣ್ಣಿಗೊತ್ತಿಕೊಂಡಳು. ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬೆನ್ನ ಹಿಂದೆ ನಿಂತವನನ್ನು ತಿರುಗಿ ನೋಡದೆಯೇ ಕರೆದಳು.

"ವಿಠ್ಠಲ. ನಮ್ಮ ಬಾಂವಿ ಎಷ್ಟ ಆಳ ಇತ್ತೋ?"

ನಾನು ರೂಢಿಯಂತೆ ಅಪ್ಪನ ಕಡೆ ತಿರುಗಿ ಬಾಯಿ ತೆರೆದೆ. ಅಮ್ಮನ ಕೈ ನನ್ನ ಭುಜದ ಮೇಲೆ ಬಿತ್ತು.

"ನಾಕ ಆಳ, ಅವ್ವ."

"ಐದ. ನೀ ಸಣ್ಣಾಂವ ಇದ್ದಾಗ ನಾಕ ಇತ್ತು. ಆಮ್ಯಾಲೆ ನಿಮ್ಮಪ್ಪ ಮತ್ತೊಂದ ಆಳ ತಗಸಿದ." ಆಯಿ ಈಗ ತಿರುಗಿದಳು. "ಗೆರಿ ಎಳದಿದ್ದಕ್ಕ ನನಗ ಸಿಟ್ಟಿಲ್ಲೋ. ನೀ ಅಲ್ಲಂದ್ರ ಮತ್ತೊಬ್ಬ ಎಳೀತಿದ್ದ. ನೀ ಹೊಸ್ತಿಲಾ ದಾಟಿ ಒಳಗ ಬರಲಿಲ್ಲ. ಅಂಗಳದಾಗ ನಿಂತು, 'ಸಹಿ ಮಾಡವ್ವ' ಅಂದಿ. ಒಂದ ತಂಬಗಿ ನೀರ ಸೈತ ಕೇಳಲಿಲ್ಲ."

"ಒಳಗ ಬಂದಿದ್ರ ನನಗ ಹೊರಗ ಬರಾಕ ಆಗತಿದ್ದಿಲ್ಲವ್ವ."

ಅಪ್ಪನ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಕೇಳಿರಲಿಲ್ಲ. ಅವನೇ ಮುಂದುವರಿಸಿದ. "ನಮ್ಮ ಓಣಿ ಸರ್ವೆ ಬ್ಯಾರೇದವ್ರಿಗೆ ಬಂದಿತ್ತು. ನಾನ ಕೇಳಿ ತಗೊಂಡೆ. ಗುರ್ತಿಲ್ಲದಾಂವ ಬಂದು ನಮ್ಮ ಗ್ವಾಡಿ ಮುಟ್ಟಬಾರ್ದು ಅಂತ."

"ಇದನ್ನ ಹೇಳಾಕ ಇಷ್ಟ ವರ್ಸ ಬೇಕಾತೇನೋ ಹುಚ್ಚ?"

"ನೀ ಕೇಳಲಿಲ್ಲ."

"ನೀ ಬರಲಿಲ್ಲ."

ಇಬ್ಬರೂ ಕೆಸರಿನಲ್ಲಿ ನಿಂತು ಅಳುತ್ತಿದ್ದರು. ಓಮಾಗೆ ಒಂದು ಪದವೂ ತಿಳಿಯದು, ತಿಳಿಸು ಎಂದೂ ಅವಳು ಕೇಳಲಿಲ್ಲ. ಗಡಿಯಾರ ನೋಡಿ, ಕೋಲಿನಿಂದ ನನ್ನ ಕಾಲನ್ನು ತಟ್ಟಿ, ನೀರು ತಿರುಗಿದೆ ಎಂದಳು. ಬರುವಾಗ ಪಾದ ಮುಳುಗುವಷ್ಟಿದ್ದ ಕಾಲುವೆಯೊಂದು ಹೋಗುವಾಗ ಮೊಣಕಾಲಿಗೆ ಬಂದಿತ್ತು. ಅಪ್ಪ ಬೆನ್ನು ಬಗ್ಗಿಸಿದ. "ನನಗ ಕಾಲ ಅದಾವ," ಎಂದು ಬೈದು, ಆಯಿ ಅವನ ತೋಳಿಗೆ ತೋಳು ಸಿಕ್ಕಿಸಿಕೊಂಡು ದಾಟಿದಳು.

ಅದಾದ ಮೇಲೆ ಮನೆಯಲ್ಲಿ ಪ್ರೀತಿಯ ಹೊಳೆ ಹರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹರಿದದ್ದು ಜಗಳ. ನೀ ಯಾಕ ಇಷ್ಟ ಸೊರಗೀದಿ, ಚಾಕ್ಕ ಸಕ್ರಿ ಯಾಕ ಕಮ್ಮಿ, ಕೂಸಿಗೆ ಕನ್ನಡ ಓದಾಕ ಯಾಕ ಕಲಿಸಿಲ್ಲ, ಕೂದಲಾ ಯಾಕ ಎಣ್ಣಿ ಕಾಣವಲ್ಲವು. ಅಪ್ಪನೂ ಬಿಡುತ್ತಿರಲಿಲ್ಲ. ಇಷ್ಟು ಮಾತು ಅವನೊಳಗೆ ಎಲ್ಲಿತ್ತೋ. ಗೋಡೆಯಾಚೆಯಿಂದ ಕೋಲಿನ ಏಟು ಬೀಳುತ್ತದೆಂದು ನಾನು ಕಾದೆ, ಒಂದು ದಿನವೂ ಬೀಳಲಿಲ್ಲ. ನನಗೋ ಕೆಲಸ ಹೋಗಿತ್ತು. ಯಾರೂ "ಗಂಗವ್ವಾ, ಹೇಳು" ಅನ್ನುತ್ತಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ನನ್ನ ಗೂಡಿನ ಬಾಗಿಲು ಹಾಕಿ ಕೂತದ್ದು ನೆನಪಿದೆ. ಈಗ ನಾನು ಹೊಟ್ಟೆಪಾಡಿಗೆ ದುಭಾಷಿ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಕನ್ನಡದ ತಾಯಂದಿರ ಮಾತನ್ನು ಜರ್ಮನಿಗೆ ದಾಟಿಸುತ್ತೇನೆ. ಅಂಥ ತಾಯಿಯ ಜೊತೆ ಬಂದ, ಇಲ್ಲೇ ಬೆಳೆದ ಮಗ, ಅವ್ವನ ಕನ್ನಡ ತಿಳಿದೂ ಜರ್ಮನಿನಲ್ಲಿ ನನಗೆ ಉತ್ತರ ಹೇಳುವಾಗ, ಎಷ್ಟೋ ಸಲ ನಾನು ಪೆನ್ನು ಕೆಳಗಿಟ್ಟು ಸುಮ್ಮನಾಗುತ್ತೇನೆ. ಆಮೇಲೆ ಅವನೇ ತಾಯಿಯ ಕಡೆ ತಿರುಗುತ್ತಾನೆ. ಇದನ್ನು ಯಾವ ತರಬೇತಿಯೂ ನನಗೆ ಕಲಿಸಲಿಲ್ಲ. ನನ್ನ ಬಾಯಿ ಮುಚ್ಚಿಸಿದ ಅಮ್ಮನಿಗೂ, ಕೇಳದೆ ಸುಮ್ಮನೆ ನಿಂತಿದ್ದ ಓಮಾಗೂ ನಾನು ಋಣಿ.

ಆಯಿ ಹೊರಡುವ ಮೊದಲಿನ ಭಾನುವಾರ ಓಮಾ ನಮ್ಮನ್ನೆಲ್ಲ ಚರ್ಚಿಗೆ ಕರೆದಳು. ಬಿರುಗಾಳಿಯ ಕಾಲ ಶುರುವಾಗುವ ಮುಂಚೆ ಹಾರ್ಲುಮ್ಮಿನಲ್ಲಿ ಒಂದು ಪದ್ಧತಿ. ಕಡಲು ನುಂಗಿದ ಊರುಗಳ ಹೆಸರುಗಳನ್ನು ಪಾದ್ರಿ ಗಟ್ಟಿಯಾಗಿ ಓದುತ್ತಾರೆ, ಪ್ರತಿ ಹೆಸರಿಗೂ ಜನ ಒಂದು ಕ್ಷಣ ತಲೆ ತಗ್ಗಿಸುತ್ತಾರೆ. ಆಯಿ ಹೊಸ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ಪಾದ್ರಿ ಹಳೆಯ ಹಾರ್ಲುಮ್‌ನಿಂದ ಆರಂಭಿಸಿ ಆರೇಳು ಹೆಸರು ಓದಿದರು. ನಡುವೆ ನಿಲ್ಲಿಸಿ ಕಿಸೆಯಿಂದ ಮಡಚಿದ ಒಂದು ಚೀಟಿ ತೆಗೆದರು. ಅದರ ಮೇಲಿನ ಕೈಬರಹ ಓಮಾಳದು. ಕಾಗುಣಿತ ಕೇಳಿಕೊಂಡು ಹೋಗಿದ್ದಳಂತೆ ಅಪ್ಪನ ಹತ್ತಿರ. ಅಪ್ಪ ನಮಗೆ ಹೇಳಿರಲಿಲ್ಲ.

"ಕೆಲಗಿನಹಾಲ್," ಎಂದು ಓದಿದರು ಪಾದ್ರಿ.

ನಲವತ್ತು ಮನೆಯ ಜನ ತಲೆ ತಗ್ಗಿಸಿದರು. ಆಯಿ ಅಪ್ಪನ ಕಡೆ ಬಾಗಿದಳು.

"ಯಾವೂರಂತೋ?"

"ನಮ್ಮೂರವ್ವ."

ಆಯಿ ಎದ್ದು ನಿಂತಳು. ಅಪ್ಪ ಸೆರಗು ಹಿಡಿದು ಎಳೆದರೂ ಕೂರಲಿಲ್ಲ. ಪಾದ್ರಿಯನ್ನೇ ನೋಡುತ್ತಾ, ಇಡೀ ಚರ್ಚಿಗೆ ಕೇಳುವಂತೆ ಹೇಳಿದಳು.

"ಹಾಲ ಅಲ್ಲಪಾ, ಹಾಳ. ನಾಲಗಿ ಮ್ಯಾಲೆ ಮಡಚಬೇಕು. ಹಾಳ. ಕೆಳಗಿನಹಾಳ."

ಜನ ನನ್ನ ಕಡೆ ತಿರುಗಿದರು. ನಾನು ಅಲುಗಾಡಲಿಲ್ಲ. ಪಾದ್ರಿ ಕನ್ನಡಕ ತೆಗೆದು ಆಯಿಯ ಬಾಯನ್ನು ನೋಡಿ, "ಕೆಲಗಿನಹಾಲ್" ಎಂದರು ಮತ್ತೆ. ಆಯಿ ತಲೆ ಅಲ್ಲಾಡಿಸಿದಳು. ಮುಂದಿನ ಬೆಂಚಿನಲ್ಲಿದ್ದ ಓಮಾ ಎದ್ದು ತಾನೂ ಒಮ್ಮೆ ಪ್ರಯತ್ನಿಸಿದಳು. ಅವಳ ಹಿಂದೆ ಅಂಗಡಿಯವನು, ಆಮೇಲೆ ನನ್ನ ಟೀಚರು, ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ನಾಲಿಗೆಯನ್ನು ಹಿಂದಕ್ಕೆ ಮಡಚಲು ಒದ್ದಾಡುತ್ತಾ, ಮುಖ ಕೆಂಪು ಮಾಡಿಕೊಂಡು. ಯಾರೂ ನಗಲಿಲ್ಲ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಪಾದ್ರಿಯ ಬಾಯಲ್ಲಿ ಅದು ಸರಿಯಾಗಿ ಬಂತು.

ಆಯಿ ಸೆರಗು ಸರಿಪಡಿಸಿಕೊಂಡು ಕೂತಳು.

"ಹೂಂ," ಎಂದಳು. "ಈಗ ಮುಂದಿನ ಹೆಸರ ಓದ್ರಿ."